ನೋವು ನಿಂತ ಕಾಲು

ಕೊಳ್ಳೇಗಾಲ
9 ಜೂನ್ 2024

ಅಪ್ಪನಿಗೆ, ಯಶೋದ ಬರೆಯುವುದು.

ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು, ಮಿಕ್ಕಿದ್ದು ಆಮೇಲೆ ಅಂತ ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ನಾನು ಕ್ಷೇಮ. ಮನೆಯಲ್ಲಿ ಫೋನ್ ಇರುವುದು ಸ್ವಾಮಣ್ಣನ ಜೇಬಿನಲ್ಲಿ. ಅದಕ್ಕೆ ಮಾಡಿದರೆ ಅತ್ತಿಗೆ ಪಕ್ಕದಲ್ಲಿ ನಿಂತು ಕೇಳುತ್ತಾಳೆ. ಇಲ್ಲಿ ಮಗ್ಗದ ಮನೆಯಲ್ಲಿ ನಾನು ಮಾತಾಡಿದರೆ ಐದು ಮಗ್ಗದವರೂ ಕೇಳುತ್ತಾರೆ. ಎದುರಿಗೆ ಜನ ಇದ್ದರೆ ನನಗೆ ಬಾಯಿ ಬರುವುದಿಲ್ಲ ಅಂತ ನಿನಗೆ ಗೊತ್ತು. ಅದಕ್ಕೆ ಕಾಗದ.

ಕೆಲಸ ಸುಲಭ. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ಕಡ್ಡಿಗೆ ರಾಟೆಯಲ್ಲಿ ರೇಷ್ಮೆ ನೂಲು ಸುತ್ತಿಕೊಡಬೇಕು. ಕಂಡಿಕೆ ಅನ್ನುತ್ತಾರೆ. ಬೆಳಗ್ಗೆ ಎಂಟಕ್ಕೆ ಕೂತರೆ ಊಟಕ್ಕೆ ಏಳುವುದು, ಆಮೇಲೆ ಸಂಜೆಗೆ ಏಳುವುದು. ಕೈಗೆ ಕೆಲಸ, ಕಾಲಿಗೆ ಇಲ್ಲ. ನನ್ನಂಥವಳಿಗೆ ಹೇಳಿ ಮಾಡಿಸಿದ ಹಾಗಿದೆ. ಊರಿನಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಇಲ್ಲಿ ಕೂತರೆ ಐದು ಮಗ್ಗ ಓಡುತ್ತವೆ.

ರೂಮಿನಲ್ಲಿ ನನ್ನ ಜೊತೆಗಿರುವವರು ಶಿವರತ್ನಮ್ಮ, ಯಳಂದೂರು ಕಡೆಯವರು. ಅವರೂ ಕಂಡಿಕೆ ಸುತ್ತುತ್ತಾರೆ. ಮೊದಲನೇ ದಿನ ನಾನು ಬಾಗಿಲಲ್ಲಿ ನಿಂತಾಗ ನನ್ನ ಕಾಲನ್ನೇ ನೋಡಿ, "ಏನವ್ವಾ, ನಿನ್ ಕಾಲ್ ಸಂದೀಲಿ ಒಂದ್ ಕುರಿಮರಿ ನುಗ್ಗೋಯ್ತದಲ್ಲ" ಅಂದರು. ಎಲ್ಲರೂ ನಕ್ಕರು. ಮಧ್ಯಾಹ್ನ ಅವರೇ ನನ್ನ ತಟ್ಟೆಗೆ ಅರ್ಧ ಮುದ್ದೆ ಜಾಸ್ತಿ ಹಾಕಿದರು. ನಮ್ಮಪ್ಪನ ಕಾಲೂ ಹೀಗೇ ಅಂತ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

ಕಾಲು ನೋವಿಲ್ಲ. ನಿನ್ನದು ಹೇಗಿದೆ, ಬರಿ.

ನಿನ್ನ ಮಗಳು
ಯಶೋದ


ಲೊಕ್ಕನಹಳ್ಳಿ
23 ಜೂನ್ 2024

ಮಗಳು ಯಶೋದನಿಗೆ,

ಕಾಗದ ಬಂತು. ನಿಮ್ಮವ್ವನಿಗೆ ಮೂರು ಸಲ ಓದಿ ಹೇಳಿದೆ. ಕುರಿಮರಿ ಮಾತಿಗೆ ಮೂರು ಸಲವೂ ಬೈದಳು. ಆಕೆಯ ಬಾಯಲ್ಲಿ ಏನೇನು ಬಂತು ಅಂತ ಇಲ್ಲಿ ಬರೆಯುವುದಿಲ್ಲ.

ಒಡೆಯರಪಾಳ್ಯದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇವೆ. ರಾಗಿಹಿಟ್ಟು, ಎಳ್ಳು, ಬೆಲ್ಲ, ತುಪ್ಪ ಹಾಕಿ ಅವ್ವ ಉಂಡೆ ಕಟ್ಟಿದ್ದಾಳೆ. ದಿನಕ್ಕೆ ಎರಡು ತಿನ್ನಬೇಕಂತೆ. ಮೂಳೆಗೆ ಒಳ್ಳೆಯದು. ನನಗೂ ಅದನ್ನೇ ತಿನ್ನಿಸುತ್ತಾಳೆ. ಹೊಟ್ಟೆ ಮುಂದಕ್ಕೆ ಬಂದಿದೆ, ಕಾಲು ಮಾತ್ರ ಹಾಗೇ ಇದೆ.

ಸ್ವಾಮಿ ಜೋಳದ ಹೊಲಕ್ಕೆ ಹೋಗುತ್ತಾನೆ. ಹಂದಿ ಬಂದರೆ ಅವನು ಓಡುತ್ತಾನೆ, ನಾನು ಬಾಯಿ ಮಾಡುತ್ತೇನೆ. ಹಿಮ್ಮಡಿ ಮೊದಲಿನ ಹಾಗೇ ಉರಿಯುತ್ತದೆ. ಅವ್ವ ದಿನಾ ಇಟ್ಟಿಗೆ ಕಾಯಿಸಿ, ಮೇಲೆ ಎಕ್ಕದ ಎಲೆ ಹಾಸಿ, ಹಿಮ್ಮಡಿ ಒತ್ತಿಸುತ್ತಾಳೆ. ನಾನು ಚಿಕ್ಕವನಿದ್ದಾಗ ನಮ್ಮವ್ವನೂ ನನಗೆ ಹಾಗೇ ಮಾಡುತ್ತಿದ್ದಳು. ಅವತ್ತಿನ ಇಟ್ಟಿಗೆಯೇ ಇದು.

ಕೂತು ಕೂತು ಸೊಂಟ ಹಿಡಿದೀತು. ಜೋಪಾನ.

ನಿಮ್ಮಪ್ಪ
ಪುಟ್ಟಸಿದ್ದಯ್ಯ


ಕೊಳ್ಳೇಗಾಲ
4 ಆಗಸ್ಟ್ 2024
(ಇದನ್ನು ಕಳಿಸಲಿಲ್ಲ. ಡಬ್ಬಿಯಲ್ಲಿ ಇಟ್ಟಿದ್ದೇನೆ.)

ಅಪ್ಪನಿಗೆ,

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಒಂದು ತಿಂಗಳಿಂದ ಕೆಲಸದ ಮಧ್ಯೆ ನಾಲ್ಕು ನಾಲ್ಕು ಸಲ ನೀರಿಗೆ ಏಳುತ್ತಿದ್ದೆ, ಆಮೇಲೆ ಬಚ್ಚಲಿಗೆ ಏಳುತ್ತಿದ್ದೆ. ರಾಟೆಯ ಮುಂದೆ ತೂಕಡಿಸುತ್ತಿದ್ದೆ. ನೂಲು ಕೊಯ್ದ ಬೆರಳು ಇಪ್ಪತ್ತು ದಿನವಾದರೂ ಒಣಗಲಿಲ್ಲ. ಶಿವರತ್ನಮ್ಮ ಕೈ ಹಿಡಿದು ಎಳೆದುಕೊಂಡು ಹೋದರು.

ರಕ್ತ ನೋಡಿದರು. ಶುಗರ್ ಇನ್ನೂರ ಎಂಬತ್ತಾರು ಅಂತ ಬರೆದುಕೊಟ್ಟರು. "ಇಪ್ಪತ್ಮೂರ್ ವರ್ಸದ ಮಗೀಗೆ ಎಂಗ್ ಬತ್ತದೆ ಮೇಡಮ್ಮಾ" ಅಂತ ಶಿವರತ್ನಮ್ಮ ಜಗಳಕ್ಕೆ ನಿಂತ ಹಾಗೆ ಕೇಳಿದರು. ಆ ಡಾಕ್ಟರಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಕಾಲು ನೋಡಿದರು, ಹಿಂದೆ ತೋರಿಸಿದ ಹಳೇ ಚೀಟಿ ಇದೆಯಾ ಅಂದರು. ಮೈಸೂರಿನ ಡಾಕ್ಟರು ಅಂದದ್ದನ್ನು ಬಾಯಲ್ಲೇ ಹೇಳಿದೆ. ಮೂಳೆಗೆ ಬೇಕಾದ ಒಂದು ಸತ್ವ ಮೂತ್ರದಲ್ಲಿ ಸೋರಿಹೋಗುತ್ತದೆ, ಹುಟ್ಟಿನಿಂದ ಬಂದದ್ದು, ಅಷ್ಟು ನನಗೆ ನೆನಪಿತ್ತು.

ಅವರು ನಿಧಾನವಾಗಿ ಹೇಳಿದರು. ಇಂಥ ಮೂಳೆಯವರು ನೋವಿಗೆ ಹೆದರಿ ನಡೆಯುವುದಿಲ್ಲ. ನಡೆಯದೆ ಮೈ ಬರುತ್ತದೆ, ಅದೂ ಹೊಟ್ಟೆಯ ಸುತ್ತ. ಮನೆಯವರು ಮೂಳೆ ಗಟ್ಟಿಯಾಗಲಿ ಅಂತ ಬೆಲ್ಲ ತುಪ್ಪ ತಿನ್ನಿಸುತ್ತಾರೆ, ಏಳಬೇಡ ಕೂತಿರು ಅನ್ನುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಎಲ್ಲರಿಗೂ ಬರಲೇಬೇಕು ಅಂತಿಲ್ಲ, ಆದರೆ ಇಂಥವರಲ್ಲಿ ಬೇಗ ಬರಬಹುದು, ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. "ಹುಟ್ಟಿದಾಗಿಂದ ಎಲ್ಲರೂ ನಿನ್ನ ಮೂಳೇನೇ ನೋಡಿದಾರೆ. ರಕ್ತ ಯಾರೂ ನೋಡಿಲ್ಲ" ಅಂದರು. ಮನೆಯಲ್ಲಿ ಇನ್ನು ಯಾರಿಗೆ ಇಂಥ ಕಾಲಿದೆ ಅಂತ ಕೇಳಿದರು. ಅಪ್ಪನಿಗೆ ಅಂದೆ. ಮುಂದಿನ ಸಲ ಕರೆದುಕೊಂಡು ಬಾ, ತಪ್ಪಿಸಬೇಡ ಅಂದರು.

ಅಪ್ಪ, ನೀನು ಬಾ. ಬಂದು ರಕ್ತ ನೋಡಿಸು.

ಇಷ್ಟು ಬರೆದು ಕೂತಿದ್ದೇನೆ. ನನಗೆ ಒಂಬತ್ತು ವರ್ಷ ಆದಾಗ ಮೈಸೂರಿನ ಡಾಕ್ಟರು ನಿನಗೆ ಹೇಳಿದರು, ಇದು ಅಪ್ಪನಿಂದ ಹೆಣ್ಣುಮಕ್ಕಳಿಗೆ ಬರುತ್ತದೆ, ಗಂಡುಮಕ್ಕಳಿಗೆ ಬರುವುದಿಲ್ಲ ಅಂತ. ನೀನು ಆಗಲಿ ಸಾ ಅಂದೆ. ಬಸ್ ಸ್ಟ್ಯಾಂಡಿನಲ್ಲಿ ನನಗೆ ಕಡ್ಲೆಕಾಯಿ ಕೊಡಿಸಿದೆ. ಮನೆ ಸೇರುವ ತನಕ ಮಾತಾಡಲಿಲ್ಲ. ಆವತ್ತಿನಿಂದ ನೀನು ನನ್ನ ಕಾಲು ನೋಡಿಲ್ಲ. ನಾನು ಎದುರಿಗೆ ನಡೆದು ಬಂದರೆ ಹೊಲದ ಕಡೆ ತಿರುಗುತ್ತೀಯ. ಈಗ ಇನ್ನೊಂದು ಬಂದಿದೆ, ಅದೂ ನಿನ್ನ ಕಾಲಿನ ದಾರಿಯಲ್ಲೇ ಬಂತು ಅಂತ ಹೇಗೆ ಬರೆಯಲಿ.

ಅಲ್ಲದೆ ನನ್ನನ್ನು ಊರಿಗೆ ವಾಪಸು ಕರೆಸಿಕೊಂಡು ಕೂರಿಸುತ್ತೀರಿ. ಅದೂ ಇದೆ.

ಯಶೋದ


ಕೊಳ್ಳೇಗಾಲ
5 ಆಗಸ್ಟ್ 2024

ಅಪ್ಪನಿಗೆ, ಯಶೋದ ಬರೆಯುವುದು.

ನಾನು ಕ್ಷೇಮ. ಉಂಡೆ ಚೆನ್ನಾಗಿತ್ತು, ಎಲ್ಲರೂ ಹೊಗಳಿದರು. ಅವ್ವನಿಗೆ ಹೇಳು. ಇನ್ನು ಸ್ವಲ್ಪ ದಿನ ಕಳಿಸಬೇಡಿ, ಇನ್ನೂ ಇದೆ. ಇಲ್ಲಿಗೆ ಹೊಸ ಡಾಕ್ಟರಮ್ಮ ಬಂದಿದ್ದಾರೆ, ಒಳ್ಳೆಯವರು. ನೀನೂ ಒಂದು ಸಲ ಬಂದರೆ ತೋರಿಸಬಹುದು. ಅವಸರ ಏನಿಲ್ಲ, ಕೆಲಸ ಇಲ್ಲದಾಗ.

ಕಾಲು ನೋವಿಲ್ಲ.

ಯಶೋದ


ಲೊಕ್ಕನಹಳ್ಳಿ
22 ಸೆಪ್ಟೆಂಬರ್ 2024

ಮಗಳು ಯಶೋದನಿಗೆ,

ಒಂದು ಸಂತೋಷದ ಸುದ್ದಿ. ನನ್ನ ಕಾಲುನೋವು ನಿಂತಿದೆ.

ನನಗೆ ಬುದ್ಧಿ ಬಂದಾಗಿನಿಂದ ಇದ್ದ ನೋವು. ಮೊದಲು ಹಿಮ್ಮಡಿಯ ಉರಿ ಹೋಯಿತು. ಆಮೇಲೆ ಬೆರಳು. ಈಗ ಅಂಗಾಲು ಪೂರ್ತಿ ಹಗುರವಾಗಿದೆ. ಹತ್ತಿಯ ಮೇಲೆ ಕಾಲಿಟ್ಟ ಹಾಗೆ. ಮೊನ್ನೆ ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿದೆ, ನನಗೆ ಗೊತ್ತೇ ಇಲ್ಲ. ಮನೆಗೆ ಬಂದ ಮೇಲೆ ಅವ್ವ ನೋಡಿ ನಕ್ಕಳು. ಸ್ವಾಮಿ ಹುಡುಕಿಕೊಂಡು ಬಂದ.

ಎಲ್ಲ ಎಕ್ಕದ ಎಲೆಯ ಗುಣ. ಅಂಗಡಿ ನಟರಾಜು ಅವರತ್ತೆಗೂ ಮಾಡಬೇಕು ಅಂತ ಕೇಳಿಕೊಂಡು ಹೋದ. ಅವ್ವ ಈಗ ಡಾಕ್ಟರ ಹಾಗೆ ಮಾತಾಡುತ್ತಾಳೆ. ಎಲೆಯ ಬೆನ್ನು ಮೇಲೆ ಬರಬೇಕಂತೆ, ಹೊಟ್ಟೆ ಇಟ್ಟಿಗೆಗೆ ತಾಗಬೇಕಂತೆ. ಮೊದಲು ಎಣಿಸಿ ಇಪ್ಪತ್ತಕ್ಕೆ ಕಾಲು ತೆಗೆಯುತ್ತಿದ್ದೆ, ಈಗ ನೂರರ ತನಕ ಇಡುತ್ತೇನೆ. ಏನೂ ಆಗುವುದಿಲ್ಲ.

ನೋವಿಲ್ಲ ಅಂತ ನೀನು ಬರೆಯುತ್ತೀಯ. ಅದು ಸುಳ್ಳು ಅಂತ ನನಗೆ ಗೊತ್ತು. ನಾನೂ ಇಷ್ಟು ವರ್ಷ ಅದನ್ನೇ ಹೇಳಿದವನು. ಅದಕ್ಕೆ ಈ ಇಟ್ಟಿಗೆಯನ್ನೇ ನಿನಗೆ ಕಳಿಸುತ್ತಿದ್ದೇನೆ, ಗುಣ ಇದರಲ್ಲೇ ಇರಬಹುದು. ಕಂಡಕ್ಟರ್ ಚೀಲ ಎತ್ತಿ ನೋಡಿ, "ಅಲ್ಲ ಕಣಪ್ಪ, ಕೊಳ್ಳೇಗಾಲದಲ್ಲಿ ಇಟ್ಟಿಗೆ ಸಿಗಾಕಿಲ್ವಾ, ಇಲ್ಲಿಂದ ಮನೆ ಕಟ್ಟಿಸ್ತಿದ್ದೀಯಾ" ಅಂದ. ಬಸ್ಸೆಲ್ಲ ನಕ್ಕಿತು. ನಾವು ಬೇರೆ ಇಟ್ಟಿಗೆ ಇಟ್ಟುಕೊಂಡಿದ್ದೇವೆ.

ಬಾಯಿ ಒಣಗುತ್ತದೆ, ನೀರು ಜಾಸ್ತಿ ಬೇಕು. ಬಿಸಿಲು. ಬೇರೆ ಏನಿಲ್ಲ.

ನಿಮ್ಮಪ್ಪ
ಪುಟ್ಟಸಿದ್ದಯ್ಯ


ಕೊಳ್ಳೇಗಾಲ
2 ಅಕ್ಟೋಬರ್ 2024

ಅಪ್ಪನಿಗೆ, ಯಶೋದ ಬರೆಯುವುದು.

ಇಟ್ಟಿಗೆ ಬಂತು. ಕಾಗದ ನಾಲ್ಕು ಸಲ ಓದಿದೆ. ನಿನಗೆ ನೋವಿಲ್ಲ ಅನ್ನುವುದನ್ನು ನಾನು ಹುಟ್ಟಿದ ಮೇಲೆ ಇದೇ ಮೊದಲು ಕೇಳಿದ್ದು. ಶಿವರತ್ನಮ್ಮನಿಗೂ ಹೇಳಿದೆ. ನಾನಾಗಿ ಬಾಯಿ ಬಿಟ್ಟು ಹೇಳಿದ್ದಕ್ಕೆ ಅವರಿಗೆ ಆಶ್ಚರ್ಯ.

ಇವತ್ತು ರಜಾ. ಇಲ್ಲಿ ಎಕ್ಕ ಬೇಕಾದಷ್ಟಿದೆ, ಕೆರೆಯ ದಾರಿಯಲ್ಲಿ. ಅವ್ವ ಹೇಳಿದ ಹಾಗೇ ಎಲೆ ಹಾಸಿ ಹಿಮ್ಮಡಿ ಇಟ್ಟೆ. ಎಣಿಸಿ ಒಂಬತ್ತಕ್ಕೆ ತೆಗೆದುಬಿಟ್ಟೆ. ಸುಟ್ಟುಹೋಗುವಷ್ಟು ಬಿಸಿ. ನೀನು ನೂರರ ತನಕ ಹೇಗೆ ಇಡುತ್ತೀಯ?

ಯಶೋದ


ಲೊಕ್ಕನಹಳ್ಳಿ
16 ಅಕ್ಟೋಬರ್ 2024

ಮಗಳು ಯಶೋದನಿಗೆ,

ನೀನು ಕೇಳಿದ್ದಕ್ಕೆ ಉತ್ತರ. ನನಗೆ ಅಷ್ಟು ಬಿಸಿ ಅನ್ನಿಸುವುದೇ ಇಲ್ಲ. ಅಭ್ಯಾಸ ಇರಬೇಕು.

ಎಡ ಹಿಮ್ಮಡಿಯಲ್ಲಿ ಒಂದು ಬೊಬ್ಬೆ ಎದ್ದು ಒಡೆದಿದೆ. ನಾನು ನೋಡಿರಲಿಲ್ಲ. ಜಗಲಿಯ ಮೇಲೆ ಒದ್ದೆ ಹೆಜ್ಜೆ ಮೂಡಿದ್ದನ್ನು ನೋಡಿ ಅವ್ವ ಕಾಲೆತ್ತಿಸಿದಳು. ಅರಿಶಿನ, ಬೇವಿನ ಎಣ್ಣೆ ಹಾಕಿದ್ದಾಳೆ. ಗಾಬರಿ ಬೇಡ, ಚೂರೂ ನೋವಿಲ್ಲ.

ಜೋಳ ಕಾಳು ಕಟ್ಟಿದೆ.

ನಿಮ್ಮಪ್ಪ
ಪುಟ್ಟಸಿದ್ದಯ್ಯ


ಕೊಳ್ಳೇಗಾಲ
27 ಅಕ್ಟೋಬರ್ 2024

ಅಪ್ಪ,

ಇದನ್ನು ಓದಿದ ತಕ್ಷಣ ಕೊಳ್ಳೇಗಾಲದ ಬಸ್ಸು ಹತ್ತು. ಮಿಕ್ಕಿದ್ದನ್ನು ಬಸ್ಸಿನಲ್ಲಿ ಓದು.

ನಿನ್ನೆ ನನ್ನ ಚೆಕಪ್ಪು ಇತ್ತು. ನರ್ಸು ನನ್ನ ಕಣ್ಣು ಮುಚ್ಚಿಸಿ, ಮೀನಿನ ಗಾಳದ ದಾರದಂಥ ಒಂದು ದಾರವನ್ನು ಅಂಗಾಲಿಗೆ ಮುಟ್ಟಿಸಿ, ಗೊತ್ತಾಗುತ್ತಾ ಅಂತ ಕೇಳಿದರು. ಗೊತ್ತಾಗುತ್ತದೆ ಅಂದೆ. ಹತ್ತು ಕಡೆ ಮುಟ್ಟಿಸಿದರು, ಹತ್ತೂ ಗೊತ್ತಾಯಿತು. ಇದು ಯಾಕೆ ಅಂದೆ. ಸಕ್ಕರೆ ಜಾಸ್ತಿ ದಿನ ರಕ್ತದಲ್ಲಿದ್ದರೆ ಕಾಲಿನ ನರ ಸಾಯುತ್ತವೆ ಅಂದರು. ಮೊದಲು ಉರಿ, ಜೋಮು. ಆಮೇಲೆ ಏನೂ ಇಲ್ಲ. ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ, ಸುಟ್ಟರೂ ತಿಳಿಯುವುದಿಲ್ಲ. "ಚಪ್ಪಲಿ ಬಿದ್ದಿದ್ದೂ ಗೊತ್ತಾಗಲ್ಲ. ನೋವು ವಾಸಿಯಾಯ್ತು ಅಂತ ಖುಷಿಯಾಗಿರ್ತಾರೆ" ಅಂದರು. ಅವರಿಗೆ ನಿನ್ನ ವಿಷಯ ನಾನು ಹೇಳಿರಲಿಲ್ಲ.

ಅಪ್ಪ, ನಿನ್ನ ಕಾಲು ವಾಸಿಯಾಗಿಲ್ಲ.

ನನಗೆ ಸಕ್ಕರೆ ಕಾಯಿಲೆ ಇದೆ. ಆಗಸ್ಟ್ ಮೂರರಂದು ಗೊತ್ತಾಯಿತು. ನಿನ್ನನ್ನೂ ಕರೆತರಬೇಕು ಅಂತ ಅವತ್ತೇ ಹೇಳಿದ್ದರು. ಅವತ್ತು ಬರೆದ ಕಾಗದವನ್ನು ಕಳಿಸಲಿಲ್ಲ. ಅದನ್ನೂ ಇದರ ಜೊತೆ ಇಟ್ಟಿದ್ದೇನೆ, ಓದು. ಎರಡು ತಿಂಗಳು ಇಪ್ಪತ್ತಮೂರು ದಿನ ಅದು ಡಬ್ಬಿಯಲ್ಲಿತ್ತು. ಅವ್ವನ ಉಂಡೆಯ ಡಬ್ಬಿ. ಗೊತ್ತಾದ ಮೇಲೆ ಉಳಿದ ಉಂಡೆಗಳನ್ನು ನಾನು ತಿನ್ನಲಿಲ್ಲ, ಮಗ್ಗದವರಿಗೆ ಕೊಟ್ಟೆ.

ನಿನ್ನೆ ಸಂಜೆ ಸ್ವಾಮಣ್ಣನ ಫೋನಿಗೆ ಮಾಡಿದ್ದೆ. ಅತ್ತಿಗೆ ಎತ್ತಿಕೊಂಡಳು. ಅಪ್ಪನಿಗೆ ಹೇಗಿದೆ ಅಂದೆ. "ಚೆಂದಾಗದೆ ಕಣವ್ವ, ಗಾಯ ಆದ್ರೂವೆ ನೋವೇ ಇಲ್ವಂತೆ" ಅಂದಳು. ಹಿಂದೆ ಯಾರೋ ನಗುತ್ತಿದ್ದರು. ನನಗೆ ಮುಂದಕ್ಕೆ ಬಾಯಿ ಬರಲಿಲ್ಲ. ಸರಿ ಅತ್ತಿಗೆ ಅಂತ ಇಟ್ಟುಬಿಟ್ಟೆ.

ಈ ಕಾಗದವನ್ನು ಇವತ್ತೇ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ. ಇಟ್ಟಿಗೆ ಮುಟ್ಟಬೇಡ. ಬಂದುಬಿಡು.

ಯಶೋದ


ಲೊಕ್ಕನಹಳ್ಳಿ
8 ಡಿಸೆಂಬರ್ 2024

ಮಗಳು ಯಶೋದನಿಗೆ,

ನನ್ನ ಎಡಗಾಲು ಮೊಣಕಾಲಿನ ಕೆಳಗೆ ಇಲ್ಲ. ನೀನು ನೋಡಿದ್ದೀಯ. ಮೈಸೂರಿನ ಆಸ್ಪತ್ರೆಯಲ್ಲಿ ಹದಿನಾಲ್ಕು ದಿನ ಮಂಚದ ಪಕ್ಕ ಕೂತಿದ್ದವಳು ನೀನೇ. ಆದರೂ ಕಾಗದದಲ್ಲಿ ಒಂದು ಸಲ ಬರೆಯಬೇಕು ಅನ್ನಿಸಿತು. ಅಲ್ಲಿ ನಾವು ಗಂಜಿ ಬೇಕಾ, ಕಿಟಕಿ ಹಾಕಲಾ, ಅಷ್ಟೇ ಮಾತಾಡಿದ್ದು.

ಅಕ್ಟೋಬರ್ ಕೊನೆಗೆ ನೀನು ಬರೆದ ಕಾಗದವನ್ನು ಮೊನ್ನೆ ಓದಿದೆ. ಅದು ಭಾನುವಾರ ಸಂಜೆ ಬಸ್ಸಿನಿಂದ ನಟರಾಜುವಿನ ಅಂಗಡಿಗೆ ಬಂದಿದೆ. ಸೋಮವಾರ ಬೆಳಗ್ಗೆ ನನಗೆ ಜ್ವರ ಏರಿ ಮಾತು ತಪ್ಪಿ, ಸ್ವಾಮಿ ಗಾಡಿ ಮಾಡಿಕೊಂಡು ಅದೇ ಅಂಗಡಿಯ ಮುಂದೆ ಕರೆದುಕೊಂಡು ಹೋಗಿದ್ದಾನೆ. ನಟರಾಜು ಮಂಗಳವಾರ ಮನೆಗೆ ತಂದುಕೊಟ್ಟ. ಅವ್ವನಿಗೆ ಓದಲು ಬರುವುದಿಲ್ಲ. ದೇವರ ಗೂಡಿನಲ್ಲಿ ಇಟ್ಟು ಮರೆತಿದ್ದಳು. ಮೇಲೆ ಕುಂಕುಮ ಬಿದ್ದಿದೆ.

ಎರಡು ಕಾಗದವನ್ನೂ ಓದಿದೆ. ನನಗೆ ಸಿಟ್ಟು ಬರಬೇಕಿತ್ತೇನೋ. ಬರಲಿಲ್ಲ. ಅಳು ಬರಬೇಕಿತ್ತು. ಅದೂ ಬರಲಿಲ್ಲ. ಓದಿ, ಮಡಿಸಿ, ಜೋಳದ ತೆನೆ ಬಿಡಿಸಿದೆ. ನೀನು ಕರೆದ ಆಗಸ್ಟಿನಲ್ಲೇ ಬಂದಿದ್ದರೆ ಕಾಲು ಉಳಿಯುತ್ತಿತ್ತೇ ಅಂತ ಅಲ್ಲಿನ ಡಾಕ್ಟರನ್ನು ಸ್ವಾಮಿ ಕೇಳಿದ್ದನಂತೆ. ಉಳಿಯುತ್ತಿತ್ತು ಅಂದರಂತೆ. ಇದನ್ನು ನಿನಗೆ ಹೇಳಬಾರದು ಅಂತ ಅವ್ವ ಅಂದಳು. ನಾನು ಹೇಳುತ್ತಿದ್ದೇನೆ. ಹೇಳಬಾರದು ಅಂತ ಇಟ್ಟುಕೊಂಡೇ ಇಷ್ಟಾಯಿತು.

ಅದಕ್ಕೇ ಇನ್ನೊಂದನ್ನೂ ಹೇಳುತ್ತೇನೆ. ನಿನಗೆ ಒಂಬತ್ತು ವರ್ಷವಿದ್ದಾಗ ಮೈಸೂರಿನಿಂದ ಬರುವಾಗ ಬಸ್ಸಿನಲ್ಲಿ ನಾನು ಯಾಕೆ ಮಾತಾಡಲಿಲ್ಲ ಅಂತ ನೀನು ಹದಿನಾಲ್ಕು ವರ್ಷ ತಪ್ಪಾಗಿ ತಿಳಿದಿದ್ದೀಯ. ನನ್ನಿಂದ ಬಂದದ್ದು ಅಂತ ಡಾಕ್ಟರು ಹೇಳಿದಾಗ ನನಗೆ ಒಳಗೆ ಸಂತೋಷವಾಯಿತು. ಈ ಊರಿನಲ್ಲಿ ನನ್ನ ಹಾಗೆ ನಡೆಯುವವರು ಯಾರೂ ಇರಲಿಲ್ಲ. ಸ್ವಾಮಿ ನೆಟ್ಟಗೆ ಓಡುತ್ತಿದ್ದ. ನೀನೊಬ್ಬಳು ನನ್ನ ಹಾಗೆ. ನೋಯುವ ಮಗುವನ್ನು ನೋಡಿ ಸಂತೋಷಪಡುವವನು ಎಂಥ ಅಪ್ಪ. ನಾಚಿಕೆಯಾಯಿತು. ಅದಕ್ಕೆ ಹೊಲದ ಕಡೆ ತಿರುಗುತ್ತಿದ್ದೆ. ನಿನ್ನ ಕಾಲು ನೋಡಲಾಗದೆ ಅಲ್ಲ.

ಸಕ್ಕರೆ ನಾನೂರ ಹನ್ನೆರಡು ಇದ್ದದ್ದು ಈಗ ನೂರ ಅರವತ್ತು. ದಿನಾ ಸೂಜಿ ಚುಚ್ಚುವುದು ಅವ್ವ. ಮೊದಲ ದಿನ ಚುಚ್ಚುವ ಮೊದಲು ಮೂರು ಸಲ ಸೂಜಿ ಕೆಳಗಿಟ್ಟಳು. ಈಗ ಹೊಟ್ಟೆಗೆ ಚುಚ್ಚಿ ಹಿಟ್ಟು ನಾದಲು ಹೋಗುತ್ತಾಳೆ. ಬೊಬ್ಬೆ ಎಬ್ಬಿಸಿದ ಇಟ್ಟಿಗೆಯನ್ನು ಏನು ಮಾಡಿದಳೋ ಗೊತ್ತಿಲ್ಲ, ಮನೆಯಲ್ಲಿಲ್ಲ. ಅವಳು ಅದರ ಮಾತೆತ್ತುವುದಿಲ್ಲ, ನಾನೂ ಕೇಳಿಲ್ಲ. ಈ ಸಲ ಡಬ್ಬಿಯಲ್ಲಿ ಉಂಡೆ ಇಲ್ಲ, ಹುರುಳಿಕಾಳಿದೆ.

ಇಲ್ಲದ ಕಾಲಿನ ಹಿಮ್ಮಡಿ ಒಂದೊಂದು ಸಲ ಉರಿಯುತ್ತದೆ. ಇದ್ದಾಗ ಉರಿಯಲಿಲ್ಲ.

ನೀನು ಊರಿಗೆ ಬರಬೇಡ. ಅಲ್ಲೇ ಕೆಲಸ ಮಾಡು, ದಿನಾ ಸ್ವಲ್ಪ ನಡಿ. ಇನ್ನು ಮೇಲೆ ಕಾಗದದಲ್ಲಿ ನೋವಿಲ್ಲ ಅಂತ ಬರೆಯಬೇಡ. ಇದ್ದರೆ ಇದೆ ಅಂತ ಬರಿ. ನೋವಿಲ್ಲ ಅಂತ ಒಂದು ಕಾಗದ ಬಂದರೂ ನಾನು ಬಸ್ಸು ಹತ್ತಿ ಬಂದುಬಿಡುತ್ತೇನೆ, ಒಂದೇ ಕಾಲಿನಲ್ಲಿ. ಆ ಕಂಡಕ್ಟರ್ ಏನು ಬೇಕಾದರೂ ಅನ್ನಲಿ.

ನಿಮ್ಮಪ್ಪ
ಪುಟ್ಟಸಿದ್ದಯ್ಯ


ಕೊಳ್ಳೇಗಾಲ
5 ಜನವರಿ 2025

ಅಪ್ಪನಿಗೆ, ಯಶೋದ ಬರೆಯುವುದು.

ನಿನ್ನ ಕಾಗದಕ್ಕೆ ಉತ್ತರ ಬರೆಯಲು ನಾಲ್ಕು ಭಾನುವಾರ ಕೂತೆ. ಏನು ಬರೆದರೂ ಸರಿಯಾಗಲಿಲ್ಲ. ಕಾಲು ಉಳಿಯುತ್ತಿತ್ತು ಅಂತ ನೀನು ಬರೆದ ಸಾಲನ್ನು ನಾನು ಹೊಡೆದುಹಾಕಿಲ್ಲ. ಹಾಗೇ ಇದೆ. ಕಾಗದವೂ ಡಬ್ಬಿಯಲ್ಲಿ ಇಲ್ಲ, ರಾಟೆಯ ಮುಂದಿನ ಗೋಡೆಯಲ್ಲಿ ಮೊಳೆಗೆ ಸಿಕ್ಕಿಸಿದ್ದೇನೆ. ಯಾರು ಬೇಕಾದರೂ ಓದಲಿ. ಶಿವರತ್ನಮ್ಮ ಓದಿದರು.

ಈಗ ಮಧ್ಯಾಹ್ನ ಉಂಡ ಮೇಲೆ ಇಬ್ಬರೂ ಬಸ್ ಸ್ಟ್ಯಾಂಡಿನ ತನಕ ನಡೆದು ಬರುತ್ತೇವೆ. ಜನ ನೋಡುತ್ತಾರೆ. "ನೋಡ್ಲಿ ಬುಡವ್ವ, ಕುರಿಮರಿ ಒಂದ್ ಕಮ್ಮಿ ನಮಗೆ" ಅನ್ನುತ್ತಾರೆ ಅವರು. ಶುಗರ್ ನೂರ ನಲವತ್ತಾಗಿದೆ.

ನಿನ್ನ ಇಟ್ಟಿಗೆ ಇನ್ನೂ ನನ್ನ ಹತ್ತಿರ ಇದೆ. ಎಸೆಯಲು ಮನಸ್ಸು ಬರಲಿಲ್ಲ. ಅದನ್ನು ಕಾಯಿಸುವುದಿಲ್ಲ. ಮಂಚದ ಪಕ್ಕ ನೆಲದ ಮೇಲೆ ಇಟ್ಟಿದ್ದೇನೆ. ಬೆಳಗ್ಗೆ ಎದ್ದ ತಕ್ಷಣ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಆಮೇಲೆ ಕಣ್ಣು ಮುಚ್ಚಿ, ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಇಟ್ಟಿಗೆಯ ಮೇಲೆ ಇಡುತ್ತೇನೆ. ಈಗ ಚಳಿ. ತಣ್ಣಗಿದೆ ಅಂತ ಗೊತ್ತಾಗುತ್ತದೆ. ಎರಡು ಕಾಲಿಗೂ ಗೊತ್ತಾಗುತ್ತದೆ.

ನೀನು ಹೇಳಿದ ಹಾಗೆ ಬರೆಯುತ್ತಿದ್ದೇನೆ. ಬಲಗಾಲಿನ ಮೊಣಕಾಲು ತುಂಬ ನೋಯುತ್ತಿದೆ. ಎಡ ಹಿಮ್ಮಡಿ ಉರಿ, ನಿನಗೆ ಇದ್ದ ಜಾಗದಲ್ಲೇ. ಸೊಂಟ ಹಿಡಿದಿದೆ. ರಾತ್ರಿ ಮಗ್ಗುಲಾದರೆ ಎಚ್ಚರವಾಗುತ್ತದೆ.

ನೀನು ಬಸ್ಸು ಹತ್ತಬೇಕಾಗಿಲ್ಲ ಅಪ್ಪ.

ನಿನ್ನ ಮಗಳು
ಯಶೋದ